ತೋಟದ ಕೆಲಸ ಕಲಿಯಲು ತರಗತಿಯೋ, ಬೀಜ ಮೇಳವೋ, ಸ್ವಯಂಸೇವೆಯೋ?

ತೋಟದ ಕೆಲಸ ಕಲಿಯಬೇಕು, ಜೊತೆಗೆ ಅದೇ ಹುಚ್ಚಿರುವ ನಾಲ್ಕು ಜನರ ಸಂಗವೂ ಬೇಕು ಅನ್ನುವವರಿಗೆ ನನ್ನ ಸಲಹೆ ಒಂದೇ: ಹತ್ತಿರದ ಸಮುದಾಯ ತೋಟಕ್ಕೆ ವಾರಕ್ಕೊಂದು ಬೆಳಗ್ಗೆ ಸ್ವಯಂಸೇವೆಗೆ ಹೋಗಿ. ಶುಲ್ಕ ಕಟ್ಟಿ ಕಲಿಯುವ ವಾರಾಂತ್ಯದ ತರಗತಿ, ಬೀಜ ಮತ್ತು ಸಸಿಗಳ ವಿನಿಮಯ ಮೇಳ, ಸ್ವಯಂಸೇವೆ, ಈ ಮೂರನ್ನೂ ಮಾಡಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಬರಬಹುದು ಎಂಬುದೆಲ್ಲ ಕರಪತ್ರದಲ್ಲೇ ಇರುತ್ತದೆ. ಒಳಗೆ ಹೋದ ಮೇಲೆ ಕೈಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ನಾನು ಹಣ ಕೊಟ್ಟಿದ್ದು ತರಗತಿಗೆ. ಕಾಂಪೋಸ್ಟ್ ಮಾಡುವುದರಿಂದ ಹಿಡಿದು ಕೊಯ್ಲಿನವರೆಗೆ ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಕಲಿಸುತ್ತೇವೆ ಎಂದಿದ್ದರು. ಕಲಿಸಿದವರು ಬಲ್ಲವರೇ, ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಂಗಾಲ ಹೆಚ್ಚಿರುವ ತರಗೆಲೆ, ಒಣಹುಲ್ಲು ಒಂದು ಕಡೆ. ಸಾರಜನಕ ಹೆಚ್ಚಿರುವ ಹಸಿ ಸೊಪ್ಪು, ತರಕಾರಿ ಸಿಪ್ಪೆ ಇನ್ನೊಂದು ಕಡೆ. ಎರಡೂ ಸೇರಿದಾಗ ಇಂಗಾಲ 25ರಿಂದ 30 ಪಾಲು, ಸಾರಜನಕ 1 ಪಾಲು ಇರಬೇಕು. ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಸುಮಾರು 1 ಮೀಟರ್ ಇದ್ದರೆ ಒಳಗಿನ ಕಾವು ಉಳಿಯುತ್ತದೆ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ನಾವೆಲ್ಲ ಸೇರಿ ಪದರ ಪದರವಾಗಿ ರಾಶಿ ಹಾಕಿದೆವು. ಆಮೇಲೆ, ಮೊದಲೇ ತಯಾರಿಟ್ಟಿದ್ದ ಕಪ್ಪು ಗೊಬ್ಬರದ ಮೂಟೆ ಬಿಚ್ಚಿ, ಕೊನೆಗೆ ಹೀಗಾಗುತ್ತದೆ ಎಂದು ತೋರಿಸಿದರು. ಅಲ್ಲಿಗೆ ಮುಗಿಯಿತು.

ಆ ರಾಶಿಗೂ ಆ ಮೂಟೆಗೂ ನಡುವೆ ನಡೆಯುವುದೇ ಕಾಂಪೋಸ್ಟ್‌ನ ಕೆಲಸವೆಲ್ಲ. ಹಾಕಿದ ಕೆಲವೇ ದಿನಗಳಲ್ಲಿ ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವು ಏರಬೇಕು. ಕಳೆ ಬೀಜ, ರೋಗಾಣು ಸಾಯುವುದು ಆ ಕಾವಿಗೆ. 70 ದಾಟಿದರೆ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳೇ ಸಾಯತೊಡಗುತ್ತವೆ, ಆಗ ತಿರುವಿ ಹಾಕಬೇಕು. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಹಸಿಯದು ಹೆಚ್ಚಾಯಿತು ಎಂದರ್ಥ. ಕೊಳೆತ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ. ಯಾವ ವಾಸನೆಯೂ ಇಲ್ಲದೆ ತಣ್ಣಗೆ ಕೂತಿದ್ದರೆ ನೀರು ಸಾಲದು, ಹಸಿ ಸೊಪ್ಪು ಸಾಲದು, ಇಲ್ಲವೇ ರಾಶಿಯೇ ಚಿಕ್ಕದು. ಇದನ್ನೂ ತರಗತಿಯಲ್ಲಿ ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಆದರೆ ಅಮೋನಿಯಾ ವಾಸನೆ ಎಂದರೆ ಇದು ಎಂದು ನನಗೆ ಗೊತ್ತಾಗಿದ್ದು ಸಮುದಾಯ ತೋಟದಲ್ಲಿ, ಒಂದು ವಾರ ಆ ವಾಸನೆಯ ರಾಶಿಯನ್ನು ತಿರುವಿ, ತರಗೆಲೆ ಬೆರೆಸಿ, ಮುಂದಿನ ವಾರ ಬಂದು ಅದು ತಗ್ಗಿದ್ದನ್ನು ಕಂಡಾಗ. ತರಗತಿಗೆ ಕಟ್ಟಿದ ಹಣದಲ್ಲಿ ನನಗೆ ಸಿಕ್ಕಿದ್ದು ಮೊದಲ ದಿನ ಮತ್ತು ಕೊನೆಯ ದಿನ. ನಡುವಿನ ದಿನಗಳನ್ನು ಯಾವ ತರಗತಿಯೂ ವಾರಾಂತ್ಯದೊಳಗೆ ತುರುಕಲಾರದು.

ಹಾಗೆಂದು ತರಗತಿಯೇ ಬೇಡ ಎನ್ನಲಾರೆ. ಗಿಡ ಸವರುವುದು, ಕಸಿ ಕಟ್ಟುವುದು, ಇವೆರಡಕ್ಕೆ ತರಗತಿಯೇ ಸರಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಉಬ್ಬಿದ ಭಾಗವಿರುತ್ತದೆ. ಅದನ್ನು ಉಳಿಸಿ, ಅದರ ಹೊರಗೆ ಕೊಯ್ದರೆ ಮರ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕಾಂಡಕ್ಕೆ ಒತ್ತಿ ನುಣ್ಣಗೆ ಕೊಯ್ದರೆ ಕೊಳೆತ ಮರದೊಳಗೆ ಇಳಿಯುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೀಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಈ ವಿಚಾರವನ್ನು ಗಟ್ಟಿ ಮಾಡಿದರು. ಕೊಯ್ದ ಜಾಗಕ್ಕೆ ಬಣ್ಣ ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ ಎಂದು ತೋರಿಸಿದವರೂ ಅವರೇ. ಇಂಥ ಕೆಲಸದಲ್ಲಿ ಕತ್ತರಿ ಹಿಡಿದ ಕೈಯ ಪಕ್ಕದಲ್ಲೇ ಬಲ್ಲವರೊಬ್ಬರು ನಿಂತು, 'ಇನ್ನು ಬೆರಳಗಲ ಆಚೆ' ಎನ್ನಬೇಕು. ಕಸಿಯಲ್ಲೂ ಹಾಗೆಯೇ: ತೊಗಟೆಯ ಕೆಳಗಿನ ಹಸಿರು ಪೊರೆಗೆ ಪೊರೆ ಕೂಡಬೇಕು, ಅದನ್ನು ದೂರದಿಂದ ನೋಡಿ ಕಲಿಯಲಾಗದು. ತಪ್ಪು ಒಂದೇ ಏಟಿಗೆ ಆಗುವ ಕೆಲಸಕ್ಕೆ ತರಗತಿ ಒಳ್ಳೆಯದು. ತಿಂಗಳುಗಟ್ಟಲೆ ನಡೆಯುವ ಕೆಲಸಕ್ಕೆ ಅಲ್ಲ.

ಶುಲ್ಕದ ಮೇಲೆ ಕುಂಡ, ಮಣ್ಣು, ಕತ್ತರಿ ಎಂದು ಬೇರೆ ಖರ್ಚೂ ಬಂತು. ಸೇರುವ ಮುಂಚೆ ಅದನ್ನು ಕೇಳಿಕೊಳ್ಳಿ.

ವಿನಿಮಯ ಮೇಳದ ಸಂಭ್ರಮವೇ ಬೇರೆ. ಮೇಜಿನ ಮೇಲೆ ಸಾಲಾಗಿ ಬೀಜದ ಪೊಟ್ಟಣಗಳು, ಒಂದೊಂದರ ಹಿಂದೆಯೂ ಅದನ್ನು ಬೆಳೆದ ಒಬ್ಬರು, ಕೇಳಿದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಖರ್ಚಂತೂ ಇಲ್ಲವೇ ಇಲ್ಲ. ಅಂಗಡಿಯಲ್ಲಿ ಕಾಣದ ನಾಟಿ ತಳಿಗಳು ಇಲ್ಲಿ ಸಿಗುತ್ತವೆ. ಆದರೆ ಪೊಟ್ಟಣದ ಮೇಲೆ ಬೆಳೆಯ ಹೆಸರಷ್ಟೇ ಇದ್ದರೆ ನಾನು ಕೈ ಚಾಚುವುದಿಲ್ಲ. ಟೊಮೆಟೊ, ಹುರುಳಿಕಾಯಿ, ಬಟಾಣಿ ಹೆಚ್ಚಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ಹಾಗಾಗಿ ತಾಯಿ ಗಿಡದ ಗುಣ ಉಳಿಯುತ್ತದೆ. ಕುಂಬಳದ ಜಾತಿಯವು ಹಾಗಲ್ಲ. ಜೇನ್ನೊಣ ಅಕ್ಕಪಕ್ಕದ ತೋಟದ ಪರಾಗ ತಂದಿರುತ್ತದೆ, ಅದರ ಫಲ ಗೊತ್ತಾಗುವುದು ಮುಂದಿನ ಪೀಳಿಗೆಯಲ್ಲಿ. ಅಲಂಕಾರಕ್ಕೆ ಬೆಳೆದ ಕಹಿ ತಳಿಯೊಂದಿಗೆ ಬೆರಕೆಯಾದ ಬೀಜದ ಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಸೇರಿರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ. ಕುಂಬಳವಾಗಲಿ, ಸೋರೆಯಾಗಲಿ, ನಾಲಗೆಗೆ ಕಹಿ ತಾಗಿದರೆ ಉಗಿದು, ಇಡೀ ಕಾಯಿಯನ್ನು ಎಸೆಯಬೇಕು. ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆಯ ಗಿಡದಿಂದ ಎತ್ತಿಟ್ಟ ಬೀಜವೂ ತಾಯಿಯಂತೆ ಬರುವುದಿಲ್ಲ. ಹಾಗಾಗಿ ತಳಿ ಯಾವುದು, ಯಾವ ವರ್ಷ ಎತ್ತಿಟ್ಟದ್ದು, ಹತ್ತಿರದಲ್ಲಿ ಬೇರೆ ತಳಿ ಇತ್ತೇ ಎಂದು ಕೇಳಿಯೇ ತೆಗೆದುಕೊಳ್ಳುತ್ತೇನೆ. ಈರುಳ್ಳಿ ಬೀಜ ಒಂದೆರಡು ವರ್ಷದಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಟೊಮೆಟೊ ಹೆಚ್ಚು ಕಾಲ ತಾಳುತ್ತದೆ. ಮನೆಗೆ ತಂದ ಮೇಲೆ 10 ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ಎಂದು ನೋಡುತ್ತೇನೆ. ಬೇರಿಗೆ ಮಣ್ಣು ಅಂಟಿದ ಸಸಿ ಮಾತ್ರ ತರುವುದಿಲ್ಲ. ಬೇರುಗಂಟು ಜಂತುಹುಳು ಆ ಹಿಡಿ ಮಣ್ಣಲ್ಲಿ ಬಂದರೆ ಅದನ್ನು ಮಡಿಯಿಂದ ಓಡಿಸುವುದು ಬಹಳ ಕಷ್ಟ.

ಈಗ ಸ್ವಯಂಸೇವೆ. ಇದರಲ್ಲಿ ನನ್ನನ್ನು ಇಂದಿಗೂ ಕಾಡುವ ತೊಂದರೆ ಒಂದೇ, ಅದು ನೀರು.

ನೀರಿನ ಕೊರತೆಯಲ್ಲ, ನೀರು ಹಾಕುವ ಸರದಿ. ನಾನು ಹೋಗುವ ತೋಟದಲ್ಲಿ ವಾರದ ಒಂದೊಂದು ದಿನಕ್ಕೆ ಒಬ್ಬೊಬ್ಬರ ಹೆಸರು ಬರೆದ ಪಟ್ಟಿ ನಲ್ಲಿಯ ಪಕ್ಕ ತೂಗುತ್ತಿತ್ತು. ಕಾಗದದ ಮೇಲೆ ಎಲ್ಲ ಸರಿ. ಆದರೆ ತೋಟಕ್ಕೆ ಬರುವವರೆಲ್ಲ ಗಿಡವೆಂದರೆ ಪ್ರಾಣ ಬಿಡುವವರು. ಸರದಿ ಯಾರದೇ ಇರಲಿ, ಆ ದಾರಿಯಲ್ಲಿ ಹೋಗುವವರು ಒಳಗೆ ಬಂದು ನೋಡುತ್ತಾರೆ. ನಡುಮಧ್ಯಾಹ್ನ ಎಲೆ ಜೋತು ಬಿದ್ದಿರುತ್ತದೆ. 'ಪಾಪ, ಬಾಡಿದ ಹಾಗೆ ಕಾಣಿಸಿತು, ಒಂದು ಕ್ಯಾನ್ ಹಾಕಿ ಬಂದೆ' ಎನ್ನುತ್ತಾರೆ. ಬಿಸಿಲು ಜೋರಾದಾಗ ಮಣ್ಣಲ್ಲಿ ತೇವವಿದ್ದರೂ ಎಲೆ ಜೋಲುತ್ತದೆ, ಸಂಜೆಗೆ ತಾನಾಗಿ ಏಳುತ್ತದೆ. ಎಲೆ ನೋಡಿ ನೀರು ಹಾಕಬಾರದು, ಮಣ್ಣೊಳಗೆ ಬೆರಳು ಇಳಿಸಿ ನೋಡಬೇಕು. ಆ ಮಾತನ್ನು ಎಲ್ಲರಿಗೂ ತಲುಪಿಸುವಷ್ಟರಲ್ಲಿ ಟ್ರೇಗಳಲ್ಲಿದ್ದ ಟೊಮೆಟೊ, ಬದನೆ ಸಸಿಗಳಿಗೆ ದಿನಕ್ಕೆ ಮೂರು ಕೈಗಳಿಂದ ನೀರು ಬಿದ್ದಿತ್ತು.

ಹೋದ ಭಾನುವಾರ ನೆಟ್ಟಗೆ ನಿಂತಿದ್ದ ಸಸಿಗಳು ಈ ಭಾನುವಾರ ಸಾಲು ಸಾಲಾಗಿ ಮಲಗಿದ್ದವು. ಎಲೆ ಇನ್ನೂ ಹಸಿರೇ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಾಗಿ, ನೀರಾಗಿ, ದಾರದಷ್ಟು ಸಣ್ಣಗಾಗಿತ್ತು. ಸಸಿ ಸಾಯುವ ರೋಗ ಅದು. ಪೈಥಿಯಂ, ರೈಜೊಕ್ಟೋನಿಯಾ ಎಂಬ ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ತರುತ್ತವೆ. ಪೈಥಿಯಂ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ, ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಹಸಿಯಾಗಿಯೇ ಇರುವ ಮಣ್ಣು ಅದಕ್ಕೆ ಹಾಸಿಕೊಟ್ಟ ದಾರಿ. ಬಿದ್ದ ಸಸಿ ಏಳುವುದಿಲ್ಲ, ಅದಕ್ಕೆ ಮದ್ದಿಲ್ಲ. ಉಳಿದವನ್ನು ಬೇರೆ ಮಾಡಿ, ಗಾಳಿಯಾಡಲು ಬಿಟ್ಟು, ಟ್ರೇಗಳನ್ನು ತೊಳೆದು, ಹೊಸ ಮಿಶ್ರಣದಲ್ಲಿ ಮತ್ತೆ ಬಿತ್ತಬೇಕು. ಹಂಗಾಮು ಹಿಂದೆ ಬೀಳುತ್ತದೆ.

ಇದಕ್ಕೆ ಸರಿಯಾಗಿ ಉಲ್ಟಾ ಇನ್ನೊಂದು. ರಜೆ ಒಟ್ಟಿಗೆ ಬಂದರೆ ಎಲ್ಲರೂ ಊರಲ್ಲಿ ಇರುವುದಿಲ್ಲ, ಒಬ್ಬರೂ ಬರುವುದಿಲ್ಲ. ಅಷ್ಟು ಜನ ಪ್ರೀತಿಸುವ ಮಡಿ ಅಷ್ಟು ದಿನ ಒಣಗುತ್ತದೆ. ಇದು ಯಾರ ಉದಾಸೀನವೂ ಅಲ್ಲ. ಎಲ್ಲರದೂ ಆದ ಕೆಲಸ ಯಾರದೂ ಅಲ್ಲದೆ ಹೋಗುತ್ತದೆ, ಅಷ್ಟೇ. ಸಿಟ್ಟು ಬರುವುದು ಆಮೇಲಿನ ಮಾತಿಗೆ. 'ನಿಮ್ಮ ಸರದಿ ಅಲ್ವಾ?' 'ನಾನು ಹಾಕಿದ್ದೆನಲ್ಲ, ಆಮೇಲೆ ಯಾರು ಹಾಕಿದರು?' ಕಳೆ ಕೀಳಬೇಕಾದ ಬೆಳಗು ಹೀಗೆ ಹೋಗುತ್ತದೆ. ಒಳ್ಳೆಯ ಕೆಲಸಗಾರರೊಬ್ಬರು ಈ ಮಾತಿಗೇ ಬರುವುದನ್ನು ನಿಲ್ಲಿಸಿದರು. ನನಗೆ ಸತ್ತ ಸಸಿಗಳಿಗಿಂತ ಅದು ಹೆಚ್ಚು ನೋವು ಕೊಟ್ಟಿತು.

ನಮಗೆ ತಕ್ಕಮಟ್ಟಿಗೆ ಕೆಲಸಕ್ಕೆ ಬಂದದ್ದು ಇಷ್ಟು. ಸಸಿ ಟ್ರೇಗಳ ಹೊಣೆ ಇಬ್ಬರಿಗೆ ಮಾತ್ರ, ಬೇರೆಯವರು ಮುಟ್ಟುವಂತಿಲ್ಲ. ಟ್ರೇ ಎತ್ತಿ ತೂಕ ನೋಡಿ, ಹಗುರವಾಗಿದ್ದರೆ ಕೆಳಗಿನ ತಟ್ಟೆಗೆ ನೀರು ಹಾಕಿ ಬೇರಿನಿಂದ ಹೀರಿಸುವುದು, ಮೇಲಿಂದ ಚಿಮುಕಿಸುವುದಿಲ್ಲ. ಮಡಿಗಳಿಗೆ ನಾಲ್ಕು ಬೆರಳು ದಪ್ಪ ಒಣಹುಲ್ಲಿನ ಹೊದಿಕೆ. ಹೆಸರಿನ ಪಟ್ಟಿಯ ಜಾಗದಲ್ಲಿ ಒಂದು ಹಲಗೆ. ನೀರು ಹಾಕಿದವರು ದಿನ, ಹೊತ್ತು ಮಾತ್ರ ಬರೆಯುತ್ತಾರೆ, ಹೆಸರು ಬರೆಯುವುದಿಲ್ಲ. ಹೆಸರಿಲ್ಲದ ಮೇಲೆ ಜಗಳವೂ ಕಡಿಮೆಯಾಯಿತು. ರಜೆಯ ದಿನಗಳ ತೊಂದರೆ ಮಾತ್ರ ಇನ್ನೂ ಹಾಗೇ ಇದೆ. ಗಡಿಯಾರ ಕಟ್ಟಿದ ಹನಿ ನೀರಾವರಿ ಹಾಕಬಹುದು, ಆದರೆ ಎಲ್ಲರೂ ಸೇರಿ ಹಣ ಹಾಕಬೇಕು.

ಇಷ್ಟು ದೂರು ಹೇಳಿಯೂ ಸ್ವಯಂಸೇವೆಯನ್ನೇ ಮೇಲೆ ಇಡುತ್ತೇನೆ, ಏಕೆಂದರೆ ಆ ರೋಗವನ್ನು ನಾನು ಗುರುತಿಸಲು ಕಲಿತದ್ದೂ ಆ ಟ್ರೇಗಳ ಮುಂದೆಯೇ. ಈಗ ಕಾಂಡದ ಬುಡದಲ್ಲಿ ಕಂದು ಗೆರೆ ಕಂಡ ಕೂಡಲೇ ನೀರು ನಿಲ್ಲಿಸುತ್ತೇನೆ. ಒಂದೇ ಮಡಿಯನ್ನು ಬಿತ್ತನೆಯಿಂದ ಬೀಜ ಎತ್ತುವವರೆಗೂ ನೋಡುವ ಅವಕಾಶ ಉಳಿದೆರಡು ಕಡೆ ಇಲ್ಲ.

ಸಲಕರಣೆ: ತೋಟದಲ್ಲೇ ಇರುತ್ತದೆ, ಕೈಗವಸು ಮಾತ್ರ ನಿಮ್ಮದು. ಸೊಂಟ ನೋವಿರುವವರು ಏರುಮಡಿ ಇದೆಯೇ ಎಂದು ಕೇಳಿ. ಫಸಲಿನ ಪಾಲು ಸಿಗುವ ಕಡೆ ಸಿಗುತ್ತದೆ, ಕೆಲವು ಕಡೆ ಪೂರ್ತಿ ದಾನಕ್ಕೆ ಹೋಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಮೇಳವೇ ವಾಸಿ.

ತರಗತಿಯನ್ನೂ ಸೇವೆಯನ್ನೂ ಒಟ್ಟಿಗೆ ಬೆಸೆದ ಮಾದರಿಯೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ಮನೆ ತೋಟದವರ ಪ್ರಶ್ನೆಗಳಿಗೆ ಉತ್ತರಿಸಿ ಸಾಕಾದ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಮಾಸ್ಟರ್ ಗಾರ್ಡನರ್ ಎಂಬ ಯೋಜನೆ ಶುರು ಮಾಡಿತು. ತರಬೇತಿ ಕೊಡುತ್ತೇವೆ, ಬದಲಿಗೆ ಇಷ್ಟು ಗಂಟೆ ಸಮುದಾಯಕ್ಕೆ ಸೇವೆ ಮಾಡಿ ಎಂಬ ಒಪ್ಪಂದ ಅದು. ಅಂಥದ್ದು ಕೈಗೆಟುಕುವಲ್ಲಿ ಇದ್ದರೆ ಈ ಹೋಲಿಕೆಯೇ ಬೇಡ, ನೇರವಾಗಿ ಅಲ್ಲಿಗೆ ಸೇರಿ.

ನನ್ನ ಲೆಕ್ಕ ಹೀಗಿದೆ. ನನಗೆ ಬೆಳಗ್ಗೆ ಬೇಗ ಏಳುವ ಅಭ್ಯಾಸ, ಕೈಯಲ್ಲಿ ಹಣ ಕಡಿಮೆ, ವಾರದಲ್ಲಿ ಒಂದು ಹೊತ್ತು ಖಾಲಿ. ಹಾಗಾಗಿ ಸ್ವಯಂಸೇವೆ ಬಿಡುವುದಿಲ್ಲ. ವಾರ ವಾರವೂ ಒಂದೇ ಹೊತ್ತಿಗೆ ಬರಲಾಗದವರು, ಪಾಳಿ ಕೆಲಸದವರು ತರಗತಿಗೇ ಹೋಗಲಿ, ಆದರೆ ಎಲ್ಲವನ್ನೂ ಕಲಿಸುವ ತರಗತಿಗಿಂತ ಕಸಿ ಅಥವಾ ಸವರುವಿಕೆ, ಇವೆರಡರಲ್ಲಿ ಒಂದನ್ನೇ ಕಲಿಸುವ ಕಡೆ. ಮೇಳಕ್ಕೆ ಬಿತ್ತನೆಗೆ ಸ್ವಲ್ಪ ಮುಂಚೆ ಹೋಗಿ, ಮೊಳಕೆ ನೋಡಲು ಸಮಯ ಸಿಗುತ್ತದೆ. ಸಮುದಾಯ ತೋಟಕ್ಕೆ ಹೆಸರು ಕೊಡುವ ಮುಂಚೆ ಮಾತ್ರ ಅಲ್ಲಿನವರನ್ನು ಒಂದು ಪ್ರಶ್ನೆ ಕೇಳಿ: ವಾರದ ನಡುವೆ ಸಸಿಗಳಿಗೆ ನೀರು ಹಾಕುವವರು ಯಾರು? ಇಬ್ಬರ ಹೆಸರು ಹೇಳಿದರೆ ಸೇರಿಕೊಳ್ಳಿ. ಎಲ್ಲರೂ ಹಾಕುತ್ತೇವೆ ಎಂದರೆ, ಆ ಇಬ್ಬರಲ್ಲಿ ಒಬ್ಬರು ನೀವೇ ಆಗುತ್ತೀರಾ ಎಂದು ಯೋಚಿಸಿ ಸೇರಿಕೊಳ್ಳಿ.