ಕಪ್ಪು ಗ್ರ್ಯಾನೈಟ್ ಕೊಳ್ಳುವವರೇ, ಮುಂಗಡ ಕೊಡುವ ಮೊದಲು ಒರೆಸಿ ನೋಡಿ

ಹೊಸ ಮನೆಯ ನೆಲಕ್ಕೆ ಕಪ್ಪು ಗ್ರ್ಯಾನೈಟ್ ಹಾಕಿಸಬೇಕೆಂದಿರುವವರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಬೇಕು. ನಾನು ಮೋಸಹೋಗಿದ್ದೇನೆ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿ ಸಂಬಳ ಎಣಿಸಿದವನು ಹೀಗೆ ಬರೆದುಕೊಳ್ಳಬೇಕಾಗಿ ಬಂದದ್ದಕ್ಕೆ ನಾಚಿಕೆಯೂ ಆಗುತ್ತಿದೆ.

ನಮ್ಮ ಮನೆ ತುಮಕೂರಿನಲ್ಲಿದೆ. ಮಲಗುವ ಕೋಣೆಗಳಿಗೆ ವಿಟ್ರಿಫೈಡ್ ಟೈಲ್ಸ್, ಬಚ್ಚಲುಮನೆಗೆ ಜಾರದ ಮ್ಯಾಟ್ ಟೈಲ್ಸ್ ಎಂದು ಬೇಗನೆ ತೀರ್ಮಾನವಾಯಿತು. ಅವುಗಳ ಬಗ್ಗೆ ನನ್ನ ದೂರಿಲ್ಲ. ಹಾಲ್ ಮತ್ತು ಊಟದ ಜಾಗದ ಚರ್ಚೆಯೇ ತಿಂಗಳುಗಟ್ಟಲೆ ನಡೆಯಿತು. ತವರುಮನೆಯಲ್ಲಿದ್ದಂಥ ರೆಡ್ ಆಕ್ಸೈಡ್ ನೆಲ ಬೇಕೆಂದು ನನ್ನ ಹೆಂಡತಿ ಹೇಳಿದಾಗ, ಅದನ್ನು ತಿಕ್ಕಿ ನುಣುಪು ಮಾಡುವ ಕೆಲಸಗಾರರು ಈಗ ಎಲ್ಲಿದ್ದಾರೆ ಎಂದು ಮೇಸ್ತ್ರಿ ನಕ್ಕ, ನಾನೂ ನಕ್ಕೆ. ಆ ನಗುವಿಗೆ ಮನೆಯಲ್ಲಿ ಇಂದಿಗೂ ದಂಡ ಕಟ್ಟುತ್ತಿದ್ದೇನೆ. ಕೊನೆಗೆ ಚಾಮರಾಜನಗರದ ಕಡೆಯ ಅಚ್ಚ ಕಪ್ಪು ಕಲ್ಲನ್ನೇ ಹಾಕಿಸುವುದೆಂದು ನಿಶ್ಚಯಿಸಿ, ಮೇಸ್ತ್ರಿಯನ್ನು ಕರೆದುಕೊಂಡು ಬೆಂಗಳೂರಿನ ಹತ್ತಿರ ಕಲ್ಲಿನ ಯಾರ್ಡುಗಳಿರುವ ಜಿಗಣಿಗೆ ಹೋದೆವು.

ಮೂರು ಕಡೆ ಚದರಡಿಗೆ 220 ರೂಪಾಯಿಗಿಂತ ಕೆಳಗಿಳಿಯಲಿಲ್ಲ. ನಾಲ್ಕನೆಯ ಯಾರ್ಡಿಗೆ ಮೇಸ್ತ್ರಿಯೇ ದಾರಿ ತೋರಿಸಿದ. ಅಲ್ಲಿ ಅದೇ ಕಪ್ಪು, ಅದೇ ಹೊಳಪು, ಬೆಲೆ ಮಾತ್ರ 145. ಇಷ್ಟು ಕಡಿಮೆ ಹೇಗೆ ಎಂದು ಕೇಳಿದ್ದಕ್ಕೆ, “ನಮ್ದೇ ಕ್ವಾರಿ ಸರ್, ಮಧ್ಯೆ ಯಾರೂ ಇಲ್ಲ” ಎಂದ ಯಾರ್ಡಿನವನು ನಿಲ್ಲಿಸಿದ್ದ ಸ್ಲ್ಯಾಬಿನ ಮೇಲೆ ಅಂಗೈ ಆಡಿಸಿ, “ಬನ್ನಿ, ಮುಖ ನೋಡ್ಕೊಳ್ಳಿ, ಕನ್ನಡಿ ಇದ್ದಂಗಿದೆ” ಎಂದು ಕರೆದ. ನಾನು ನಿಜವಾಗಿಯೂ ಹತ್ತಿರ ಹೋಗಿ ಮುಖ ನೋಡಿಕೊಂಡೆ. ಪಕ್ಕಾ ಬಿಲ್ ಬೇಡವೆಂದರೆ 18 ಪ್ರತಿಶತ ಜಿಎಸ್‌ಟಿ ಉಳಿಯುತ್ತದೆ ಎಂದಾಗ ಅದಕ್ಕೂ ತಲೆಯಾಡಿಸಿದೆ. ಒಟ್ಟು 652 ಚದರಡಿ, 94,540 ರೂಪಾಯಿ. ಕೈಗೆ ಬಂದದ್ದು ‘ಎಸ್ಟಿಮೇಟ್’ ಎಂದು ಬರೆದ ಒಂದು ಹಳದಿ ಚೀಟಿ.

ಕಲ್ಲು ಕತ್ತರಿಸುವ ದಿನವೇ ನನಗೆ ತಿಳಿಯಬೇಕಾಗಿತ್ತು. ಕತ್ತರಿಸಿದ ಅಂಚು ಬೂದಿಬಣ್ಣಕ್ಕಿತ್ತು. ಪಾಲಿಶ್ ಆಗದ ಅಂಚು ಹಾಗೆಯೇ ಇರುತ್ತದೆ ಎಂದು ಮೇಸ್ತ್ರಿ ಹೇಳಿದ್ದು ಅರ್ಧ ನಿಜ. ಆದರೆ ನೀರು ಬಿದ್ದಾಗ ಅಸಲಿ ಕರಿಕಲ್ಲಿನ ಅಂಚು ಕಪ್ಪಗಾಗುತ್ತದೆ. ನಮ್ಮದರ ಮೇಲೆ ಮೆಷಿನ್ನಿನ ನೀರು ಹರಿಯುತ್ತಲೇ ಇತ್ತು, ಅಂಚು ಬೂದಿಯಾಗಿಯೇ ಉಳಿಯಿತು. ನಾನು ಅದನ್ನು ನೋಡುತ್ತಾ ಕಾಫಿ ಕುಡಿಯುತ್ತಿದ್ದೆ.

ಗೃಹಪ್ರವೇಶವಾಗಿ ಏಳು ತಿಂಗಳ ಮೇಲೆ ಕಿಟಕಿಯ ಬಳಿಯ ದಿವಾನವನ್ನು ಸರಿಸಿದೆವು. ಅದರ ಕೆಳಗಿನ ನೆಲ ಕಪ್ಪಗಿತ್ತು, ಬಿಸಿಲು ಬೀಳುವ ಸುತ್ತಲಿನ ನೆಲ ಒಲೆಯ ಬೂದಿಯಂತೆ ಮಸುಕಾಗಿತ್ತು. ಧೂಳಿರಬೇಕೆಂದು ಸೋಪಿನ ನೀರಿನಿಂದ ಒರೆಸಿದೆವು, ಹೋಗಲಿಲ್ಲ. ಆಗ ಮಗಳು ತನ್ನ ಉಗುರುಬಣ್ಣ ತೆಗೆಯುವ ದ್ರವವನ್ನು ಹಳೆಯ ಬಿಳಿ ಬನಿಯನ್ನಿನ ತುಂಡಿಗೆ ಹಾಕಿ, ಕಪ್ಪಾಗಿ ಉಳಿದಿದ್ದ ಜಾಗದ ಮೇಲೆ ನಾಲ್ಕು ಸಲ ಉಜ್ಜಿದಳು. ಬಟ್ಟೆ ಮಸಿ ಒರೆಸಿದಂತೆ ಕಪ್ಪಾಯಿತು. ಕಲ್ಲಿನ ಮೇಲೆ ಅಂಗೈಯಗಲದ ಬೂದು ಮಚ್ಚೆ ಎದ್ದಿತು. ಯಾರೂ ಮಾತಾಡಲಿಲ್ಲ. ಹೆಂಡತಿ, “ರೀ, ನಮ್ಮಮ್ಮನ ಮನೆ ನೆಲಕ್ಕೆ ಐವತ್ತು ವರ್ಷ ಆಯ್ತು” ಎಂದಷ್ಟೇ ಹೇಳಿ ಒಳಗೆ ಹೋದಳು. ಬೂದು ಕಲ್ಲಿಗೆ ಬಣ್ಣ ಹಚ್ಚಿ, ಹೊಳಪು ಕೊಟ್ಟು, ಕಪ್ಪು ಎಂದು ಮಾರಿದ್ದರು. ಬಣ್ಣ! ನೆಲದ ಕಲ್ಲಿಗೆ ಬಣ್ಣ!

ಯಾರ್ಡಿನವನಿಗೆ ಫೋನ್ ಮಾಡಿದಾಗ ಬಂದ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ. ಮೊದಲ ದಿನ, “ನೀವು ಆಸಿಡ್ ಹಾಕಿ ತೊಳೆದಿರ್ತೀರಿ.” ಎರಡನೆಯ ಸಲ, “ಕಲ್ಲು ದೇವರು ಕೊಟ್ಟಿದ್ದು ಸರ್, ಒಂದೊಂದು ಹಂಗೇ ಬರುತ್ತೆ.” ಮೂರನೆಯ ಸಲ ನಾನು ದನಿಯೇರಿಸಿದಾಗ, “ಒರಿಜಿನಲ್ ಅಂತ ಬಿಲ್ಲಲ್ಲಿ ಎಲ್ಲಿದೆ ತೋರಿಸಿ” ಎಂದ. ಬಿಲ್ಲೇ ಇಲ್ಲದವನು ಏನು ತೋರಿಸಲಿ? ಈ ಮಾತು ಬಣ್ಣಕ್ಕಿಂತ ಹೆಚ್ಚು ಚುಚ್ಚಿತು, ಏಕೆಂದರೆ ಆ ಬಿಲ್ಲನ್ನು ಬೇಡವೆಂದವನು ನಾನೇ.

ಅಳತೆಯಲ್ಲೂ ಮೋಸವಾಗಿತ್ತು. ನೆಲಕ್ಕೆ ಕೂತ ಕಲ್ಲು ಮತ್ತು ಹೊರಗೆ ಬಿದ್ದಿದ್ದ ತುಂಡುಗಳನ್ನು ಎಂಜಿನಿಯರ್ ಟೇಪ್ ಹಿಡಿದು ಲೆಕ್ಕ ಹಾಕಿದಾಗ ಸಿಕ್ಕಿದ್ದು 601 ಚದರಡಿ. ಸ್ಲ್ಯಾಬಿನ ಅಂಕುಡೊಂಕು ಅಂಚನ್ನೂ ಸೇರಿಸಿ, ಅತ್ಯಂತ ಉದ್ದವಿದ್ದ ಕಡೆಯೇ ಟೇಪ್ ಹಿಡಿದಿದ್ದರು. 51 ಚದರಡಿ ಗಾಳಿಗೆ ನಾನು 7,395 ರೂಪಾಯಿ ಕೊಟ್ಟಿದ್ದೇನೆ.

ಆದ್ದರಿಂದ ಯಾರ್ಡಿಗೆ ಹೋಗುವಾಗ ಅಸಿಟೋನ್ (ಉಗುರುಬಣ್ಣ ತೆಗೆಯಲು ಬಳಸುವ ದ್ರವ) ಮತ್ತು ಬಿಳಿ ಬಟ್ಟೆ ಒಯ್ಯಿರಿ. ಒರೆಸಲು ಬಿಡದಿದ್ದರೆ ಅಲ್ಲಿಂದಲೇ ಹಿಂತಿರುಗಿ. ಸ್ಲ್ಯಾಬಿನ ಹಿಂಬದಿಗೆ ನೀರು ಹಾಕಿ, ಕಪ್ಪಗಾಗುತ್ತದೆಯೇ ನೋಡಿ. ಕಲ್ಲಿನ ಹೆಸರು, ದಪ್ಪ, ಅಳತೆಯನ್ನು ಬರೆಸಿದ ಜಿಎಸ್‌ಟಿ ಬಿಲ್ ಪಡೆಯಿರಿ. ಕಮಿಷನ್ ಪಡೆಯುವ ಮೇಸ್ತ್ರಿ ತೋರಿಸಿದ ಅಂಗಡಿಗೆ ಹೋಗಲೇಬೇಡಿ. ಎಲ್ಲ ಮೇಸ್ತ್ರಿಗಳೂ ಹಾಗಲ್ಲವೆಂದು ಯಾರಾದರೂ ಹೇಳಬಹುದು. ಹೇಳಲಿ, ಅವರ ನೆಲ ಕಪ್ಪಗೇ ಇರಬೇಕು.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದಾದ್ದರಿಂದ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಫೋನಿನಿಂದ ಕಳಿಸಿದ ಮುಂಗಡದ ದಾಖಲೆ, ಹಳದಿ ಚೀಟಿ ಮತ್ತು ಆ ಬನಿಯನ್ ತುಂಡನ್ನು ಒಂದು ಕವರಿನಲ್ಲಿ ಇಟ್ಟುಕೊಂಡಿದ್ದೇನೆ.

ಅದರ ಪಕ್ಕದಲ್ಲಿ ಇನ್ನೊಂದು ವಸ್ತುವೂ ಇದೆ. ದೂರಿನ ವಿಷಯ ಕಿವಿಗೆ ಬಿದ್ದ ಮೇಲೆ ಯಾರ್ಡಿನವನು, “ಜಗಳ ಯಾಕೆ ಸರ್, ಒಂದು ಡಬ್ಬಿ ಕಪ್ಪು ಪಾಲಿಶ್ ಕಳಿಸ್ತೀನಿ, ವರ್ಷಕ್ಕೊಂದ್ಸಲ ಹಚ್ಕೊಳ್ಳಿ” ಎಂದಿದ್ದ. ಮರುದಿನ ಡಬ್ಬಿ ಬಂದಿತು. ಅದನ್ನು ತಂದುಕೊಟ್ಟವನು ನಮ್ಮ ಮೇಸ್ತ್ರಿ.