ಸ್ಪೆಕ್ಟ್ರಲ್ ಪ್ಲಗಿನ್ ನಾಲ್ಕು ಟ್ರೈ ಮಾಡ್ದೆ, ವಾಯ್ಸ್‌ಗೆ ಉಳ್ಕೊಂಡಿದ್ದು ಸೂದ್ 2

ಸ್ಪೆಕ್ಟ್ರಲ್ ಪ್ಲಗಿನ್ ಅಂದ್ರೆ ಹಾಡು ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಂಡು, ಶಬ್ದವನ್ನ ಫ್ರೀಕ್ವೆನ್ಸಿವಾರು ಬಿಡಿಸಿ ತಿದ್ದೋ ಚಿಕ್ಕ ಪ್ರೋಗ್ರಾಮ್. ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಸೂದ್ 2ಗೆ. ಆದ್ರೆ ನಾನು ಮೊದಲು ಕೊಂಡಿದ್ದು ಅದಲ್ಲ. ಅದಕ್ಕೂ ಮುಂಚೆ ಇನ್ನೊಂದು ಪ್ಲಗಿನ್‌ಗೆ ದುಡ್ಡು ಹಾಕಿ, ಎರಡು ವಾರ ಅದರ ಜೊತೆ ಒದ್ದಾಡಿ, ಮುಗಿದಿದ್ದ ಒಂದು ಮಿಕ್ಸನ್ನ ಪೂರ್ತಿ ಮತ್ತೆ ಕೂತು ಮಾಡಿ, ಆಮೇಲೆ ಇಲ್ಲಿಗೆ ಬಂದೆ. ಅದರ ಹೆಸರು ಬರೆಯಲ್ಲ, ನನ್ನ ಸಿಸ್ಟಮ್‌ನಲ್ಲಿ ಆಗಿದ್ದು ಎಲ್ಲರ ಹತ್ರಾನೂ ಆಗುತ್ತೆ ಅಂತ ಏನಿಲ್ಲ. ಇಲ್ಲಿ ಅದನ್ನ ‘ಮೊದಲನೇದು’ ಅಂತ ಕರೀತೀನಿ. ಜೊತೆಗೆ ಫ್ರೀ ಆಗಿ ಸಿಗೋ ರಿಯಾಫರ್ ಮತ್ತೆ ಸ್ಪೆಕ್ಟ್ರಲ್ ಕಂಪ್ರೆಸರ್ ಎರಡನ್ನೂ ಅದೇ ಟ್ರ್ಯಾಕ್‌ಗಳ ಮೇಲೆ ಹಾಕಿ ನೋಡಿದೀನಿ.

ನನ್ನ ಕೆಲಸ ಬಹುಪಾಲು ವಾಯ್ಸ್. ಹಾಡು, ನರೇಷನ್, ಜೊತೆಗೊಂದು ಅಕೌಸ್ಟಿಕ್ ಗಿಟಾರ್, ಅಪರೂಪಕ್ಕೆ ಡ್ರಮ್ಸ್. ಚಿಕ್ಕ ರೂಮು, ಗೋಡೆಗೆ ಟ್ರೀಟ್‌ಮೆಂಟ್ ಅಷ್ಟಕ್ಕಷ್ಟೆ. ಹೀಗಾಗಿ ಬರೋ ತೊಂದ್ರೆ ಯಾವಾಗ್ಲೂ ಒಂದೇ ತರ, ಹಾಡೋರು ಸ್ವಲ್ಪ ಮೇಲಿನ ಸ್ವರಕ್ಕೆ ಹೋದ ಕೂಡ್ಲೆ 3 ಕಿಲೋಹರ್ಟ್ಸ್ ಆಸುಪಾಸಲ್ಲಿ ಕಿವಿಗೆ ಚುಚ್ಚೋ ಒಂದು ಶಬ್ದ ಎದ್ದು ನಿಲ್ಲುತ್ತೆ. ಮಾಮೂಲಿ ಇಕ್ಯೂ (ಬೇಕಾದ ಫ್ರೀಕ್ವೆನ್ಸಿ ಏರಿಸಿ ಇಳಿಸೋ ಟೂಲ್) ತಗೊಂಡು ಅಲ್ಲಿ ಕಟ್ ಮಾಡಿದ್ರೆ ಚುಚ್ಚೋದು ಹೋಗುತ್ತೆ ನಿಜ, ಆದ್ರೆ ಮುಂದಿನ ಸಾಲಲ್ಲಿ ಮೆಲ್ಲಗೆ ಹಾಡಿದಾಗ ವಾಯ್ಸ್‌ನ ಜೀವಾನೂ ಅಲ್ಲೇ ಇರುತ್ತೆ, ಅದೂ ಹೋಗುತ್ತೆ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ. ಮೇಲಾಗಿ ಈ ಚುಚ್ಚು ಒಂದೇ ಜಾಗದಲ್ಲಿ ಕೂರಲ್ಲ. ‘ಆ’ ಅಂತ ಎಳೆದಾಗ ಬಾಯಿ ಒಳಗಿನ ಆಕಾರ ಬೇರೆ, ‘ಈ’ ಅಂದಾಗ ಬೇರೆ, ಫಾರ್ಮೆಂಟ್‌ಗಳು (ಬಾಯಿಯ ಆಕಾರದಿಂದ ಎದ್ದು ಕೇಳೋ ಫ್ರೀಕ್ವೆನ್ಸಿಗಳು) ಜಾಗ ಬದಲಾಯಿಸ್ತಾವೆ. ಒಂದೇ ಪದದಲ್ಲಿ ಎರಡೂ ಸ್ವರ ಬಂದ್ರೆ ನಾನು ಹಾಕಿದ ಕಟ್ ಅರ್ಧ ಪದಕ್ಕೆ ಮಾತ್ರ ಕೆಲಸ ಮಾಡುತ್ತೆ. ಅದಕ್ಕೇ ಸ್ಪೆಕ್ಟ್ರಲ್ ಕಡೆ ಬಂದಿದ್ದು.

ಇದರ ಒಳಗೆ ನಡೆಯೋದೇನು ಅಂತ ಸ್ವಲ್ಪ ಹೇಳ್ಲೇಬೇಕು, ಇಲ್ಲಾಂದ್ರೆ ಮುಂದಿನ ಗೋಳು ಅರ್ಥ ಆಗಲ್ಲ. ಎಫ್‌ಎಫ್‌ಟಿ (ಶಬ್ದದಲ್ಲಿ ಯಾವ್ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತಿಳಿಸೋ ಲೆಕ್ಕ) ಮೇಲೆ ನಡೆಯೋ ಪ್ಲಗಿನ್ ಶಬ್ದವನ್ನ ಸಣ್ಣ ಸಣ್ಣ ತುಂಡು ಮಾಡ್ಕೊಳುತ್ತೆ, ಪ್ರತಿ ತುಂಡನ್ನೂ ನೂರಾರು ಸಾವಿರಾರು ಫ್ರೀಕ್ವೆನ್ಸಿ ಬಿನ್‌ಗಳಾಗಿ, ಅಂದ್ರೆ ಸಣ್ಣ ಸಣ್ಣ ಖಾನೆಗಳಾಗಿ, ಬಿಡಿಸುತ್ತೆ, ಬೇಕಾದ ಬಿನ್ ಏರಿಸಿ ಬೇಡದ್ದು ಇಳಿಸಿ ಮತ್ತೆ ಒಂದರ ಮೇಲೊಂದು ಜೋಡಿಸಿ ಹೊರಗೆ ಬಿಡುತ್ತೆ. ಕೂಲಿ ಮತ್ತೆ ಟ್ಯೂಕಿ 1965ರಲ್ಲಿ ಇದನ್ನ ಬೇಗ ಲೆಕ್ಕ ಹಾಕೋ ದಾರಿ ತೋರಿಸಿದ್ರು, ಇವತ್ತು ಲ್ಯಾಪ್‌ಟಾಪಲ್ಲಿ ಹಾಡು ಓಡ್ತಿರುವಾಗ್ಲೇ ಇದೆಲ್ಲ ಆಗೋದಕ್ಕೆ ಅದೇ ಬುನಾದಿ.

ಆದ್ರೆ ತುಂಡು ಎಷ್ಟುದ್ದ ಇರ್ಬೇಕು ಅನ್ನೋದೇ ಎಲ್ಲ ಜಗಳಕ್ಕೂ ಮೂಲ. 48 ಕಿಲೋಹರ್ಟ್ಸ್ ಪ್ರಾಜೆಕ್ಟಲ್ಲಿ, ಅಂದ್ರೆ ಸೆಕೆಂಡಿಗೆ ಶಬ್ದದ 48,000 ಅಳತೆ (ಸ್ಯಾಂಪಲ್) ತಗೊಳ್ಳೋ ಕಡೆ, 1024 ಸ್ಯಾಂಪಲ್ ವಿಂಡೋ (ತುಂಡಿನ ಉದ್ದ) ಇಟ್ರೆ ತುಂಡು 21 ಮಿಲಿಸೆಕೆಂಡ್, ಬಿನ್ ಬಿನ್‌ಗೂ ನಡುವೆ ಅಂತರ ಸುಮಾರು 47 ಹರ್ಟ್ಸ್. 4096 ಇಟ್ರೆ ಅಂತರ 11.7 ಹರ್ಟ್ಸ್‌ಗೆ ಇಳಿಯುತ್ತೆ, ತುಂಡು 85 ಮಿಲಿಸೆಕೆಂಡ್‌ಗೆ ಬೆಳೆಯುತ್ತೆ. ಗಿಟಾರ್‌ನ ಅತಿ ಕೆಳಗಿನ ಇ ಸ್ವರ 82.4 ಹರ್ಟ್ಸ್, ಅದರ ಪಕ್ಕದ ಎಫ್ 87.3, ಅಂದ್ರೆ ಇವೆರಡನ್ನ ಬೇರೆ ಬೇರೆ ನೋಡೋಕೆ 4096 ಕೂಡ ಸಾಲಲ್ಲ. ಫ್ರೀಕ್ವೆನ್ಸಿ ಚೆನ್ನಾಗಿ ಕಾಣ್ಬೇಕು ಅಂದ್ರೆ ಟೈಮ್ ಮಸುಕಾಗುತ್ತೆ, ಟೈಮ್ ಚೂಪಾಗಿರ್ಬೇಕು ಅಂದ್ರೆ ಫ್ರೀಕ್ವೆನ್ಸಿ ದಪ್ಪ ಆಗುತ್ತೆ. ಡೆನಿಸ್ ಗೇಬರ್ 1946ರಲ್ಲೇ ಗಣಿತದಲ್ಲಿ ತೋರಿಸಿದ ಮಿತಿ ಇದು, ಎಷ್ಟೇ ದುಬಾರಿ ಪ್ಲಗಿನ್ ತಂದ್ರೂ ಇದನ್ನ ದಾಟೋಕಾಗಲ್ಲ.

ನಾನು ಪ್ಲಗಿನ್ ಆರಿಸ್ವಾಗ ಬರೀ ಫ್ರೀಕ್ವೆನ್ಸಿ ಕಡೆ ನೋಡಿದ್ದೆ. ಪೆಟ್ಟು ಬಿದ್ದಿದ್ದೆಲ್ಲ ಟೈಮ್ ಕಡೆಯಿಂದ.

ಮೊದಲನೇದರ ಕತೆಗೆ ಬರ್ತೀನಿ. ಡೆಮೋದಲ್ಲಿ ಕೇಳಿದಾಗ ಬಹಳ ಹಿಡಿಸಿತ್ತು. ಒಂದು ದೊಡ್ಡ ನಾಬ್, ತಿರುಗಿಸಿದ್ರೆ ಚುಚ್ಚೋದೆಲ್ಲ ಮಾಯ. ಆದ್ರೆ ಅದರಲ್ಲಿ ಮಿಕ್ಸ್ ನಾಬ್ (ತಿದ್ದಿದ ಶಬ್ದಕ್ಕೆ ಒರಿಜಿನಲ್ ಎಷ್ಟು ಬೆರೆಸ್ಬೇಕು ಅನ್ನೋದು) ಇರ್ಲಿಲ್ಲ, ಹಾಗಾಗಿ ನಾನು ವಾಯ್ಸ್ ಟ್ರ್ಯಾಕ್‌ಗೆ ಒಂದು ಕಾಪಿ ಮಾಡಿ, ಕಾಪಿ ಮೇಲೆ ಪ್ಲಗಿನ್ ಹಾಕಿ, ಪ್ರಾಸೆಸ್ ಆಗಿರೋದನ್ನ ಮುಂದೆ ಇಟ್ಟು ಒರಿಜಿನಲ್ಲನ್ನ 6 ಡಿಬಿ ಕಮ್ಮಿ ಮಾಡಿ ಹಿಂದೆ ಸೇರಿಸ್ತಿದ್ದೆ. ಪ್ಲೇ ಮಾಡಿದಾಗ ಚೆನ್ನಾಗಿ ಕೇಳ್ತಿತ್ತು. ಎಕ್ಸ್‌ಪೋರ್ಟ್ ಮಾಡಿ ಫೈಲ್ ಕೇಳಿದ್ರೆ ವಾಯ್ಸ್ ಯಾಕೋ ಪೈಪಿನೊಳಗಿಂದ ಬಂದ ಹಾಗೆ, ಎದೆಯ ಭಾಗ ಖಾಲಿ ಖಾಲಿ.

ಮೊದಲು ಹೆಡ್‌ಫೋನ್ ಮೇಲೆ ಅನುಮಾನ ಪಟ್ಟೆ. ಆಮೇಲೆ ಎಂಪಿ3 ಮಾಡಿದ್ದಕ್ಕೆ ಹೀಗಾಯ್ತು ಅಂದ್ಕೊಂಡು ವೇವ್ ಫೈಲೇ ತೆಗೆದೆ, ಅದೂ ಹಾಗೇ. ರಿವರ್ಬ್ ತೆಗೆದೆ, ಮಾಸ್ಟರ್ ಲಿಮಿಟರ್ ತೆಗೆದೆ, ಕೊನೆಗೆ ಗಾಯಕರಿಗೇ ಫೋನ್ ಮಾಡಿ ಇನ್ನೊಂದ್ಸಲ ಹಾಡ್ತೀರಾ ಅಂತ ಕೇಳೋ ಹಂತಕ್ಕೆ ಬಂದಿದ್ದೆ. ಪ್ಲೇ ಮಾಡಿದ್ರೆ ಸರಿ ಇದೆ, ಎಕ್ಸ್‌ಪೋರ್ಟ್ ಮಾಡಿದ್ರೆ ಇಲ್ಲ ಅನ್ನೋದೇ ತಲೆ ತಿಂತಿತ್ತು.

ಆಮೇಲೆ ಒಂದು ರಾತ್ರಿ ಕೂತು ಸರಿಯಾಗಿ ಪರೀಕ್ಷೆ ಮಾಡ್ದೆ. ಒಂದೇ ಸ್ಯಾಂಪಲ್ ಉದ್ದದ ಕ್ಲಿಕ್ ಇರೋ ಫೈಲ್ ಮಾಡಿ ಎರಡು ಟ್ರ್ಯಾಕ್‌ಗೆ ಹಾಕ್ದೆ, ಒಂದರ ಮೇಲೆ ಪ್ಲಗಿನ್, ನಾಬ್ ಸೊನ್ನೆ. ಎರಡನ್ನೂ ಬೇರೆ ಬೇರೆ ಎಕ್ಸ್‌ಪೋರ್ಟ್ ಮಾಡಿ ಒಂದರ ಕೆಳಗೊಂದು ಇಟ್ಟು ಝೂಮ್ ಮಾಡ್ತಾ ಹೋದೆ. ಎರಡು ಗೆರೆ ಒಂದೇ ಸಾಲಲ್ಲಿ ನಿಲ್ಬೇಕಿತ್ತು, ನಿಂತಿರ್ಲಿಲ್ಲ. ಎಣಿಸಿದೆ, 64 ಸ್ಯಾಂಪಲ್. ಮತ್ತೆ ಎಣಿಸಿದೆ, 64. ಅಂದ್ರೆ 1.33 ಮಿಲಿಸೆಕೆಂಡ್ ತಡ. ತಾನು ಎಷ್ಟು ತಡ ಮಾಡ್ತೀನಿ ಅಂತ ಪ್ಲಗಿನ್ನೇ ಡಿಎಡಬ್ಲ್ಯೂಗೆ (ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ) ಹೇಳ್ಬೇಕು, ಅದು ಮಿಕ್ಕ ಟ್ರ್ಯಾಕ್‌ಗಳನ್ನ ಅಷ್ಟೇ ತಡ ಮಾಡಿ ಸಾಲಿಗೆ ತರುತ್ತೆ. ಇಲ್ಲಿ ಆಗ್ತಿದ್ದಿದ್ದು ಏನಂದ್ರೆ ಪ್ಲೇ ಮಾಡ್ವಾಗ ಪ್ಲಗಿನ್ ಕಮ್ಮಿ ಕ್ವಾಲಿಟಿ ಮೋಡಲ್ಲಿ ಓಡ್ತಿತ್ತು, ಎಕ್ಸ್‌ಪೋರ್ಟ್‌ಗೆ ಹೋದ ಕೂಡ್ಲೆ ತಾನೇ ಹೈ ಕ್ವಾಲಿಟಿಗೆ ಹಾರಿ ಇನ್ನೂ ತಡ ಆಗ್ತಿತ್ತು, ಆದ್ರೆ ಹೊಸ ಲೆಕ್ಕ ಡಿಎಡಬ್ಲ್ಯೂಗೆ ತಲುಪ್ತಾ ಇರ್ಲಿಲ್ಲ.

1.33 ಮಿಲಿಸೆಕೆಂಡ್ ಅಂದ್ರೆ ಏನು ಮಹಾ ಅನ್ಸುತ್ತೆ. ಎಕೋ ತರ ಕೇಳಲ್ಲ ನಿಜ. ಆದ್ರೆ ಒಂದೇ ವಾಯ್ಸ್‌ನ ಎರಡು ಕಾಪಿ ಇಷ್ಟು ಅಂತರದಲ್ಲಿ ಸೇರಿದ್ರೆ 375 ಹರ್ಟ್ಸಲ್ಲಿ ಒಂದು ಗುಂಡಿ ಬೀಳುತ್ತೆ, ಆಮೇಲೆ 1125ರಲ್ಲಿ, 1875ರಲ್ಲಿ, ಹೀಗೆ ಬಾಚಣಿಗೆ ಹಲ್ಲಿನ ತರ ಮೇಲಿನವರೆಗೂ. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಹಾಗೆ. ಒಂದು ಕಾಪಿ 6 ಡಿಬಿ ಕಮ್ಮಿ ಇದ್ದಿದ್ರಿಂದ ಗುಂಡಿ ಪೂರ್ತಿ ತಳ ಮುಟ್ಲಿಲ್ಲ, ಸುಮಾರು 6 ಡಿಬಿ ತಗ್ಗು, ನಡುನಡುವೆ ಮೂರೂವರೆ ಡಿಬಿ ಉಬ್ಬು. ಎದೆಯ ಭಾಗ ಖಾಲಿ ಅನ್ಸಿದ್ದು ಅದೇ 375ರ ಗುಂಡಿ. ಗಾಯಕರ ತಪ್ಪು ಏನೂ ಇರ್ಲಿಲ್ಲ, ಸದ್ಯ ಫೋನ್ ಮಾಡಿರ್ಲಿಲ್ಲ.

ಪ್ಲಗಿನ್ ಹಾಕಿದ ಟ್ರ್ಯಾಕನ್ನ ಮೊದಲೇ ಹೈ ಕ್ವಾಲಿಟಿಲಿ ರೆಂಡರ್ ಮಾಡಿ, ಕೈಯಲ್ಲೇ 64 ಸ್ಯಾಂಪಲ್ ಹಿಂದಕ್ಕೆ ಎಳೆದು, ಒರಿಜಿನಲ್ ಜೊತೆ ಸೇರಿಸಿದ್ರೆ ಸರಿ ಹೋಗ್ತಿತ್ತು. ಮೂರ್ನಾಲ್ಕು ಹಾಡಿಗೆ ಹಾಗೇ ಮಾಡ್ದೆ. ಪ್ರತಿ ಸಣ್ಣ ಬದಲಾವಣೆಗೂ ಮತ್ತೆ ರೆಂಡರ್, ಮತ್ತೆ ಎಳಿ. ಇದು ಕೆಲಸ ಮಾಡೋ ರೀತಿ ಅಲ್ಲ. ಈಗ ಯಾವ ಸ್ಪೆಕ್ಟ್ರಲ್ ಪ್ಲಗಿನ್ ಡೆಮೋ ಹಾಕಿದ್ರೂ ಸೌಂಡ್ ಕೇಳೋದಕ್ಕಿಂತ ಮುಂಚೆ ಈ ಕ್ಲಿಕ್ ಫೈಲ್ ಓಡಿಸ್ತೀನಿ, ಜೊತೆಗೆ ಒಂದು ಕಾಪಿಯ ಪೊಲಾರಿಟಿ ಉಲ್ಟಾ ಮಾಡಿ (ಅಲೆಯನ್ನ ತಲೆಕೆಳಗು ಮಾಡಿ) ಕೂಡಿಸಿ ಪೂರ್ತಿ ನಿಶ್ಶಬ್ದ ಬರುತ್ತಾ ನೋಡ್ತೀನಿ. ಪ್ಲೇನಲ್ಲೂ ನೋಡ್ಬೇಕು, ಎಕ್ಸ್‌ಪೋರ್ಟ್ ಮಾಡಿದ ಫೈಲಲ್ಲೂ ನೋಡ್ಬೇಕು.

ಸೂದ್ 2 ಈ ತಲೆನೋವನ್ನ ಬೇರು ಸಮೇತ ತೆಗೀತು, ಕಾರಣ ಬಹಳ ಸರಳ, ಮಿಕ್ಸ್ ನಾಬ್ ಪ್ಲಗಿನ್ ಒಳಗೇ ಇದೆ. ಕಾಪಿ ಟ್ರ್ಯಾಕ್ ಬೇಕಾಗೇ ಇಲ್ಲ. ಓಕ್‌ಸೌಂಡ್ ಅನ್ನೋ ಫಿನ್ಲೆಂಡ್ ಕಂಪನಿದು. ಕೆಲಸ ಅಂದ್ರೆ ಅತಿಯಾಗಿ ಎದ್ದು ನಿಲ್ಲೋ ರೆಸೊನೆನ್ಸ್ ಎಲ್ಲಿದೆ ಅಂತ ತಾನೇ ಹುಡುಕಿ ಅದು ಇರೋವಷ್ಟು ಹೊತ್ತು ಮಾತ್ರ ಒತ್ತಿ ಹಿಡಿಯೋದು. ‘ಆ’ದಿಂದ ‘ಈ’ಗೆ ಹೋದಾಗ ಕಟ್ ಕೂಡ ಜೊತೆಗೇ ಜರುಗೋದು ಸ್ಕ್ರೀನ್ ಮೇಲೆ ಕಾಣುತ್ತೆ. ಇಕ್ಯೂ ತರಾನೇ ಗೆರೆ ಇದೆ, ಆದ್ರೆ ಅರ್ಥ ಉಲ್ಟಾ, ಗೆರೆ ಎಲ್ಲಿ ಮೇಲೆತ್ತುತೀರೋ ಅಲ್ಲಿ ಜಾಸ್ತಿ ಒತ್ತುತ್ತೆ. ಇದು ಅಭ್ಯಾಸ ಆಗೋಕೆ ನನಗೆ ಎರಡು ದಿನ ಹಿಡೀತು.

ಆದ್ರೆ ನಾನು ಇದಕ್ಕೆ ಮನಸೋತಿದ್ದು ಡೆಲ್ಟಾ ಬಟನ್‌ಗೆ. ಒತ್ತಿದ್ರೆ ಪ್ಲಗಿನ್ ಏನನ್ನ ತೆಗೀತಿದೆಯೋ ಅದು ಮಾತ್ರ ಕೇಳುತ್ತೆ. ಮೊದಲ್ನೇ ಸಲ ಒತ್ತಿದಾಗ ಬರೀ ಸಿಳ್ಳೆ ತರದ ಚುಚ್ಚು ಕೇಳ್ಬೇಕು ಅಂದ್ಕೊಂಡಿದ್ದೆ, ಕೇಳಿದ್ದು ‘ಶ’, ‘ಸ’, ‘ಚ’ ಎಲ್ಲ ಸ್ಪಷ್ಟವಾಗಿ, ಪದಾನೇ ಗುರುತು ಹಿಡಿಯೋ ಹಾಗೆ. ಅಂದ್ರೆ ನಾನು ಡೆಪ್ತ್ (ಎಷ್ಟು ಒತ್ತಬೇಕು ಅನ್ನೋ ನಾಬ್) ಅತಿಯಾಗಿ ಇಟ್ಟು ಮಾತಿನ ಸ್ಪಷ್ಟತೆನೇ ತೆಗೀತಿದ್ದೆ! ಡೆಪ್ತ್ ಇಳಿಸ್ತಾ ಬಂದೆ, ಡೆಲ್ಟಾದಲ್ಲಿ ಪದ ಗುರುತು ಸಿಗ್ದೆ ಬರೀ ಸ್ವರದ ಅಂಚು ಮಾತ್ರ ಕೇಳೋವರೆಗೂ ಇಳಿಸ್ದೆ. ಈಗ ನನ್ನ ಅಳತೆ ಅದೇ, ಡೆಲ್ಟಾ ಕೇಳಿ ಸಾಹಿತ್ಯ ಬರೆಯೋಕಾದ್ರೆ ಜಾಸ್ತಿ ಆಯ್ತು ಅಂತ ಲೆಕ್ಕ. ಅಟ್ಯಾಕ್ ರಿಲೀಸ್ ನಾಬ್ (ಎಷ್ಟು ಬೇಗ ಒತ್ತಬೇಕು, ಎಷ್ಟು ಬೇಗ ಬಿಡ್ಬೇಕು ಅನ್ನೋದು) ಕೈಗೆ ಸಿಗುತ್ತೆ ಅನ್ನೋದೂ ದೊಡ್ಡ ವಿಷ್ಯ, ಗಿಟಾರ್ ಮೇಲೆ ಹಾಕಿದಾಗ ಅಟ್ಯಾಕ್ ಸ್ವಲ್ಪ ನಿಧಾನ ಮಾಡಿದ್ರೆ ತಂತಿ ಮೀಟಿದ ಸದ್ದು ದಾಟ್ಕೊಂಡು ಬರುತ್ತೆ, ಆಮೇಲಿನ ಗುಂಯ್ ಮಾತ್ರ ತಗ್ಗುತ್ತೆ. ಸೈಡ್‌ಚೈನ್‌ಗೆ (ಇನ್ನೊಂದು ಟ್ರ್ಯಾಕ್ ಕೇಳಿ ಕೆಲಸ ಮಾಡೋ ದಾರಿ) ವಾಯ್ಸ್ ಕೊಟ್ಟು ಗಿಟಾರ್ ಮೇಲೆ ಹಾಕಿದ್ರೆ ವಾಯ್ಸ್ ಯಾವ ಜಾಗದಲ್ಲಿದೆಯೋ ಅಲ್ಲಿ ಮಾತ್ರ ಗಿಟಾರ್ ಪಕ್ಕಕ್ಕೆ ಸರಿಯುತ್ತೆ, ಫೇಡರ್ ಮುಟ್ಟೋದೇ ಬೇಡ.

ಓವರ್‌ಸ್ಯಾಂಪ್ಲಿಂಗ್ (ಇನ್ನೂ ಹೆಚ್ಚು ಸ್ಯಾಂಪಲ್‌ನಲ್ಲಿ ಲೆಕ್ಕ ಹಾಕೋದು) ಏರಿಸಿದ್ರೆ ಸಿಪಿಯು ತಿನ್ನುತ್ತೆ, ನಾನು ಟ್ರ್ಯಾಕ್ ಫ್ರೀಝ್ ಮಾಡ್ಕೋತೀನಿ, ಅಂದ್ರೆ ತಾತ್ಕಾಲಿಕವಾಗಿ ರೆಂಡರ್ ಮಾಡಿ ಇಟ್ಕೋತೀನಿ.

ರಿಯಾಫರ್ ಫ್ರೀ. ರೀಪರ್ ಅನ್ನೋ ಡಿಎಡಬ್ಲ್ಯೂ ಜೊತೆಗೇ ಬರುತ್ತೆ, ವಿಂಡೋಸ್‌ನಲ್ಲಿ ಬೇರೆ ಡಿಎಡಬ್ಲ್ಯೂ ಇರೋರಿಗೆ ರಿಯಾಪ್ಲಗ್ಸ್ ಅಂತ ಪ್ಯಾಕ್ ಸಿಗುತ್ತೆ. ಫ್ಯಾನ್ ಸದ್ದು, ಹಮ್, ಹಿಸ್ ಇಂಥ ಒಂದೇ ಸಮ ಇರೋ ಗಲಾಟೆಗೆ ನಾನು ಇವತ್ತಿಗೂ ಇದನ್ನೇ ಬಳಸೋದು. ಸಬ್‌ಟ್ರ್ಯಾಕ್ಟ್ ಮೋಡಿಗೆ ಹಾಕಿ, ಗಲಾಟೆಯ ಪ್ರೊಫೈಲ್ ಕಟ್ಟೋ ಆಯ್ಕೆಗೆ ಟಿಕ್ ಹಾಕಿ, ಯಾರೂ ಮಾತಾಡದ ಒಂದೆರಡು ಸೆಕೆಂಡ್ ಕೇಳಿಸಿ ಪ್ರೊಫೈಲ್ ಕಟ್ಟಿಸಿ, ಆ ಟಿಕ್ ತೆಗೆದುಬಿಡ್ಬೇಕು. ಟಿಕ್ ತೆಗೆಯೋದು ಮರೆತ್ರೆ ವಾಯ್ಸನ್ನೂ ಗಲಾಟೆ ಅಂತಾನೇ ಕಲ್ತು ಅದನ್ನೂ ಕಳೀತಾ ಹೋಗುತ್ತೆ. ಅತಿ ಮಾಡಿದ್ರೆ ನೀರಲ್ಲಿ ಗುಳ್ಳೆ ಎದ್ದ ಹಾಗೆ, ದೂರದಲ್ಲಿ ಹಕ್ಕಿ ಚಿಲಿಪಿಲಿ ಅಂದ ಹಾಗೆ ಒಂದು ಸದ್ದು ಉಳಿಯುತ್ತೆ, ಇದು ಸ್ಪೆಕ್ಟ್ರಲ್ ಸಬ್‌ಟ್ರ್ಯಾಕ್ಷನ್ ಅನ್ನೋ ವಿಧಾನದ್ದೇ ಗುಣ, ಯಾವ ಪ್ಲಗಿನ್ನಲ್ಲಿ ಮಾಡಿದ್ರೂ ಬರುತ್ತೆ. ಒಂದೇ ಸಲ ಪೂರ್ತಿ ತೆಗೆಯೋ ಹಟ ಬಿಟ್ಟು ಅರ್ಧ ಮಾತ್ರ ತಗ್ಗಿಸಿದ್ರೆ ಕಿವಿಗೆ ಬೀಳಲ್ಲ. ಆದ್ರೆ ಸ್ವರದ ಜೊತೆ ಓಡಾಡೋ ಚುಚ್ಚಿಗೆ ಇದು ಆಗಲ್ಲ.

ಸ್ಪೆಕ್ಟ್ರಲ್ ಕಂಪ್ರೆಸರ್ ಬೇರೇನೇ ಪ್ರಾಣಿ. ಇದೂ ಫ್ರೀ, ಓಪನ್ ಸೋರ್ಸ್, ವಿಎಸ್‌ಟಿ3 ಮತ್ತೆ ಕ್ಲಾಪ್ ಅನ್ನೋ ಎರಡೂ ಪ್ಲಗಿನ್ ಫಾರ್ಮ್ಯಾಟಲ್ಲಿ ಇದೆ. ಪ್ರತಿ ಬಿನ್‌ಗೂ ಒಂದೊಂದು ಕಂಪ್ರೆಸರ್ (ಜೋರು ಮೆಲ್ಲಗಿನ ಅಂತರ ಕಮ್ಮಿ ಮಾಡೋ ಟೂಲ್) ಕೂರಿಸಿದ ಹಾಗೆ, ಮೇಲಿಂದ ಕೆಳಕ್ಕೂ ಒತ್ತುತ್ತೆ ಕೆಳಗಿಂದ ಮೇಲಕ್ಕೂ ಎತ್ತುತ್ತೆ. ವಿಂಡೋ ಸೈಜ್ ನಾವೇ ಆರಿಸ್ಬೋದು, ಅದಕ್ಕೇ ಮೇಲೆ ಹೇಳಿದ ಟೈಮ್ ವಿಷ್ಯ ಕಿವಿಯಿಂದಾನೇ ಕಲೀಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಸ್ನೇರ್ ಒಂದೇ ಹೊಡೆತ ಲೂಪ್ ಹಾಕಿ ವಿಂಡೋ 1024ರಿಂದ 4096ಕ್ಕೆ, ಅಲ್ಲಿಂದ 16384ಕ್ಕೆ ಏರಿಸ್ತಾ ಹೋಗಿ. ಹೊಡೆತಕ್ಕೆ ಮುಂಚೇನೇ ಉಸಿರು ಒಳಗೆಳೆದ ಹಾಗೆ ‘ಶ್’ ಅಂತ ಶುರುವಾಗುತ್ತೆ, 16384ರಲ್ಲಂತೂ ತುಂಡು 341 ಮಿಲಿಸೆಕೆಂಡ್ ಉದ್ದ, ಹೊಡೆತ ಅನ್ನೋದೇ ಕರಗಿ ಅಲೆ ತರ ಆಗ್ಬಿಡುತ್ತೆ. ಬಿನ್ ಬದಲಾಯಿಸಿದಾಗ ಅದರ ಪರಿಣಾಮ ಇಡೀ ತುಂಡಿಗೆ ಹರಡೋದ್ರಿಂದ ಹೀಗೆ. ಡ್ರಮ್ಸ್‌ಗೆ ತಪ್ಪು, ಆದ್ರೆ ಪ್ಯಾಡ್, ಡ್ರೋನ್, ಹಿನ್ನೆಲೆ ಟೆಕ್ಸ್ಚರ್ ಮಾಡೋರಿಗೆ ಇದೇ ಗುಣ ಚಿನ್ನ. ನಾನು ಗಿಟಾರ್‌ನ ಒಂದು ಕಾರ್ಡ್ ಮೇಲೆ ಹಾಕಿ ಮಾಡಿದ ಹಿನ್ನೆಲೆ ಇವತ್ತಿಗೂ ನನ್ನ ಇಷ್ಟದ ಸೌಂಡ್‌ಗಳಲ್ಲಿ ಒಂದು. ವಾಯ್ಸ್ ಕ್ಲೀನ್ ಮಾಡೋಕೆ ಮಾತ್ರ ನನ್ನ ಕೈಗೆ ಒಗ್ಗಲಿಲ್ಲ, ಒತ್ತಿದ್ರೆ ಉಸಿರು ರೂಮು ಎಲ್ಲ ಎದ್ದು ಬರುತ್ತೆ.

ಹಾಡ್ವಾಗ ಲೈವ್ ಮಾನಿಟರಿಂಗ್‌ಗೆ (ಹಾಡೋರು ತಮ್ಮ ವಾಯ್ಸ್ ಆಗ್ಲೇ ಕೇಳಿಸ್ಕೊಳ್ಳೋದಕ್ಕೆ) ಇವ್ಯಾವನ್ನೂ ನಾನು ಹಾಕಲ್ಲ, ತಡ ಆಗುತ್ತೆ, ರೆಕಾರ್ಡಿಂಗ್ ಮುಗಿದ ಮೇಲಷ್ಟೆ.

ದುಡ್ಡೇ ಹಾಕೋ ಹಾಗಿಲ್ಲ ಅಂದ್ರೆ ರಿಯಾಫರ್ ಮತ್ತೆ ಸ್ಪೆಕ್ಟ್ರಲ್ ಕಂಪ್ರೆಸರ್ ಎರಡೂ ಇಟ್ಕೊಂಡು, ಚುಚ್ಚೋ ಜಾಗಕ್ಕೆ ಒಂದು ಫ್ರೀ ಡೈನಮಿಕ್ ಇಕ್ಯೂ (ಶಬ್ದ ಜೋರಾದಾಗ ಮಾತ್ರ ಕಟ್ ಮಾಡೋ ಇಕ್ಯೂ) ಸೇರಿಸಿದ್ರೆ ಬಹಳ ದೂರ ಹೋಗ್ಬೋದು, ಒಂದು ವರ್ಷ ನಾನು ಹಾಗೇ ನಡೆಸಿದ್ದು. ಡ್ರಮ್ಸ್, ಎಲೆಕ್ಟ್ರಾನಿಕ್ ಜಾಸ್ತಿ ಮಾಡೋರಿಗೆ ನಾನು ಹೇಳಿದ್ದು ಪೂರ್ತಿ ಹೊಂದದೇನೂ ಇರ್ಬೋದು. ಆದ್ರೆ ವಾರಕ್ಕೆ ನಾಲ್ಕು ದಿನ ವಾಯ್ಸ್ ಮೇಲೇ ಕೂರೋ ನನಗೆ, ಒಂದ್ಸಲ ಕೊಂಡ್ರೆ ಮತ್ತೆ ವರ್ಷಗಟ್ಟಲೆ ಇನ್ನೊಂದಕ್ಕೆ ಕೈ ಹಾಕೋ ಹಾಗಿಲ್ಲದ ನನಗೆ, ಸೂದ್ 2 ಕೊಟ್ಟ ದುಡ್ಡು ಆಗ್ಲೇ ವಾಪಸ್ ಬಂದಿದೆ. ಮೊದಲನೇದನ್ನ ಅನ್‌ಇನ್‌ಸ್ಟಾಲ್ ಮಾಡೋಕೆ ಮುಂಚೆ ಹಳೇ ಪ್ರಾಜೆಕ್ಟ್‌ಗಳನ್ನೆಲ್ಲ ತೆರೆದು, ಅದು ಕೂತಿದ್ದ ಟ್ರ್ಯಾಕ್‌ಗಳನ್ನ ರೆಂಡರ್ ಮಾಡಿ, 64 ಸ್ಯಾಂಪಲ್ ಹಿಂದಕ್ಕೆ ಎಳೆದು ಸೇವ್ ಮಾಡ್ತಾ ಇದೀನಿ. ಹನ್ನೊಂದು ಹಾಡು ಆಗಿದೆ, ಇನ್ನು ಎರಡು ಬಾಕಿ.