ಗುರುತಿನವರ ಹೆಸರಲ್ಲಿ ಬಂದ ಮೇಲ್ ತೆರೆದು ಕೆಟ್ಟೆ, ನೀವು ತೆರೆಯಬೇಡಿ

ಶಿರಸಿಯಲ್ಲಿ ಅಡಿಕೆ, ಕಾಳುಮೆಣಸಿನ ವ್ಯಾಪಾರ ನನ್ನದು. ಸಿಟ್ಟು ಇನ್ನೂ ಇಳಿದಿಲ್ಲ, ನಾಚಿಕೆಯೂ ಆಗಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಹೇಳಬೇಕಾದವರು ಹೇಳಲಿಲ್ಲ.

ಕಳೆದ ಗುರುವಾರ ಹುಬ್ಬಳ್ಳಿಯ ಖರೀದಿದಾರರ ಹೆಸರಿನಲ್ಲಿ ಮೇಲ್ ಬಂತು. ಬಿಲ್ ನೋಡಿ ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು, ಜೊತೆಗೊಂದು ವರ್ಡ್ ಫೈಲ್. ಗೊತ್ತಿಲ್ಲದ ಮೇಲ್ ನಾನು ಮುಟ್ಟುವುದಿಲ್ಲ. ಆದರೆ ಇದರ ಕೆಳಗೆ ನಾನೇ ಹಿಂದೆ ಬರೆದ ಸಾಲಿತ್ತು: "ಚಾಲಿ 12 ಚೀಲ, ಸೋಮವಾರ ಲಾರಿಗೆ ಹಾಕುತ್ತೇನೆ." ನನ್ನದೇ ಮಾತು! ಅದನ್ನು ನೋಡಿದ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ಫೈಲ್ ತೆರೆದೆ. 'ಎನೇಬಲ್ ಕಂಟೆಂಟ್' ಒತ್ತಿದರೆ ಮಾತ್ರ ಬಿಲ್ ಕಾಣುತ್ತದೆ ಅಂತ ಇತ್ತು. ಒತ್ತಿದೆ. ಏನೂ ಕಾಣಲಿಲ್ಲ. ಮುಚ್ಚಿ ಊಟಕ್ಕೆ ಹೋದೆ.

ಶನಿವಾರ ಬೆಳಿಗ್ಗೆ ಸಿದ್ದಾಪುರದಿಂದ ಭಾವನ ಫೋನು. "ಇದೆಂತಾ ಬಿಲ್ ಕಳ್ಸಿದ್ದು ಮಾರಾಯಾ?" ಆಮೇಲೆ ಕುಮಟಾದಿಂದ, ಯಲ್ಲಾಪುರದಿಂದ. ನಾನು ಯಾರಿಗೂ ಏನೂ ಕಳಿಸಿರಲಿಲ್ಲ. ಕೈಕಾಲು ತಣ್ಣಗಾಯಿತು.

ಹುಬ್ಬಳ್ಳಿಗೆ ಫೋನ್ ಮಾಡಿದೆ. "ಹೌದ್ರಿ, ಸೋಮವಾರನ ನಮ್ಮ ಕಂಪ್ಯೂಟರಿಗೆ ವೈರಸ್ ಬಂದಿತ್ತು, ಈಗ ಸರಿ ಮಾಡ್ಸೇವಿ" ಅಂದರು. ಸೋಮವಾರ! ನನಗೆ ಮೇಲ್ ಬಂದಿದ್ದು ಗುರುವಾರ. ಮತ್ತೆ ಯಾಕೆ ಹೇಳಲಿಲ್ಲ ಅಂದೆ. "ಎಲ್ಲಾರಿಗೂ ಹೇಳಿದ್ರ ನಮ್ಮ ಹೆಸರು ಕೆಡ್ತದಲ್ರೀ. ನೀವ್ಯಾಕ ತೆಗದ್ರಿ?" ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಈಗ ಕೆಟ್ಟಿರುವುದು ನನ್ನ ಹೆಸರು.

ಇದಕ್ಕೆ ಬಾಟ್‌ನೆಟ್ ಅನ್ನುತ್ತಾರಂತೆ. ನಮ್ಮ ಕಂಪ್ಯೂಟರ್ ವೈರಸ್ ಬಿಟ್ಟ ಕಳ್ಳರ ಆಳಾಗುತ್ತದೆ. ಹಳೇ ಮೇಲ್, ವಿಳಾಸ, ಪಾಸ್‌ವರ್ಡ್ ಎಲ್ಲ ಕದ್ದು, ನಮ್ಮ ಹೆಸರಲ್ಲೇ ಮುಂದಿನವರಿಗೆ ಕಳಿಸುತ್ತದೆ. ಎಮೊಟೆಟ್ ಎಂಬ ಬಾಟ್‌ನೆಟ್ ಇದೇ ಉಪಾಯದಿಂದ ಹಬ್ಬಿದ್ದು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರ್‌ಗಳನ್ನು ವಶಪಡಿಸಿಕೊಂಡರು, ಅದೇ ನವೆಂಬರ್‌ನಲ್ಲಿ ಅದು ಮತ್ತೆ ಬಂತು. ಅಂಥದ್ದರ ಮುಂದೆ ನನ್ನ ಹಳೇ ಆಫೀಸ್ ಸಾಫ್ಟ್‌ವೇರ್ ಎಲ್ಲಿ ತಡೆದೀತು? ಫೈಲಿನೊಳಗೆ ಅಡಗಿದ್ದು, 'ಎನೇಬಲ್ ಕಂಟೆಂಟ್' ಒತ್ತಿದರೆ ಓಡುವ ಸಣ್ಣ ಪ್ರೋಗ್ರಾಂಗೆ ಮ್ಯಾಕ್ರೊ ಅನ್ನುತ್ತಾರೆ; ಹೊಸದರಲ್ಲಿ ಇಂಟರ್ನೆಟ್ಟಿಂದ ಬಂದ ಫೈಲಿನ ಮ್ಯಾಕ್ರೊ ತಾನಾಗೇ ತಡೆಯಲ್ಪಡುತ್ತದೆ. ದುಡ್ಡು ಉಳಿಸಲು ಹೋಗಿ ನಾನು ಹಾಕಿಸಿರಲಿಲ್ಲ.

ಇನ್ನೊಂದು ತಪ್ಪೂ ಮಾಡಿದೆ. ಗಾಬರಿಯಲ್ಲಿ ಅದೇ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದೆ. ಹಾಗೆ ಮಾಡಬೇಡಿ. ಮೊದಲು ನೆಟ್ ಸಂಪರ್ಕ ಕಡಿಯಿರಿ, ಬೇರೆ ಮೊಬೈಲ್‌ನಿಂದ ಬದಲಿಸಿ. ಮೇಲ್ ಬಂದರೆ ಕಳಿಸಿದವರ ಹೆಸರಲ್ಲ, ವಿಳಾಸ ನೋಡಿ. ನನಗೆ ಬಂದದ್ದರಲ್ಲಿ ಹೆಸರು ಹುಬ್ಬಳ್ಳಿಯವರದ್ದೇ, ವಿಳಾಸ ಯಾವುದೋ ಬೇರೆಯದು. ಫೈಲ್ ಇದ್ದರೆ ಫೋನ್ ಮಾಡಿ ಕೇಳಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಇಂಥ ವೈರಸ್ (ಬಾಟ್) ತೆಗೆಯುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, 2017ರಿಂದಲೂ ಇದೆ. ನನಗೆ ಗೊತ್ತಾಗಿದ್ದು ಮೊನ್ನೆ. ದುಡ್ಡೇನಾದರೂ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನ್ನ ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೇನೆ. ಅಂಕೋಲೆಯ ಇಬ್ಬರು, ಹೊನ್ನಾವರದ ಒಬ್ಬರು ಇನ್ನೂ ಎತ್ತಿಲ್ಲ. ಇದನ್ನು ಓದುತ್ತಿದ್ದರೆ, ಶನಿವಾರ ನನ್ನ ಹೆಸರಲ್ಲಿ ಬಂದ ಬಿಲ್ ತೆರೆಯಬೇಡಿ. ಅದು ನಾನು ಕಳಿಸಿದ್ದಲ್ಲ.